ಅಲಿಬಾಗ್‌ನ ಕಬ್ಬಿಣವಿಲ್ಲದ ಮನೆ

ಮಾಂಡವಾ ಧಕ್ಕೆಯಲ್ಲಿ ಲಾಂಚಿನಿಂದ ಇಳಿಯುವ ಮುಂಬಯಿಯವರಿಗೆ ಅಲಿಬಾಗ್ ಎಂದರೆ ಕಡಲತೀರ, ಕುಲಾಬಾ ಕೋಟೆ, ಮೀನೂಟ. ಇಲ್ಲೊಂದು ಭೂಕಾಂತ ವೀಕ್ಷಣಾಲಯ ಇದೆ ಎಂದರೆ ನನ್ನನ್ನು ಕರೆತಂದ ರಿಕ್ಷಾದವನೇ ನಂಬಲಿಲ್ಲ.

ಹಳೆಯ ಕಟ್ಟಡಕ್ಕೆ ಪೋರಬಂದರಿನ ಕಲ್ಲು. ಮೊಳೆ, ಕೀಲುಗಳೆಲ್ಲ ತಾಮ್ರ, ಹಿತ್ತಾಳೆ. ಕೀಲಿಕೈ, ಬೆಲ್ಟು, ಮೊಬೈಲು ಹೊರಗಿಟ್ಟೇ ಹತ್ತಿರ ಸುಳಿಯಬೇಕು. ನಮ್ಮ ಅಜ್ಜಿಯ ಅಡುಗೆಮನೆಗೂ ಇಷ್ಟು ಮಡಿ ಇರಲಿಲ್ಲ.

ಚರಿತ್ರೆ ಚುಟುಕಾಗಿ ಇಷ್ಟು: ಮುಂಬಯಿಯ ಕೊಲಾಬಾದಲ್ಲಿ ಕಾಂತದ ಅಳತೆ 1841ರಲ್ಲಿ ಶುರುವಾಯಿತು. ನಗರಕ್ಕೆ ವಿದ್ಯುತ್ ಟ್ರಾಮು ಬರುತ್ತದೆ, ಅದು ಅಳತೆಯನ್ನು ಕೆಡಿಸುತ್ತದೆ ಎಂದಾಗ ಅಲ್ಲಿನ ನಿರ್ದೇಶಕ ನಾನಾಭಾಯ್ ಮೂಸ್ ಈ ಊರನ್ನು ಆರಿಸಿದರು. 1904ರಲ್ಲಿ ಇಲ್ಲಿ ಕೆಲಸ ಆರಂಭ. 1906ರವರೆಗೆ ಎರಡೂ ಕಡೆ ಜೊತೆಜೊತೆಗೆ ಅಳೆದರು. 1971ರಿಂದ ಭಾರತೀಯ ಭೂಕಾಂತತ್ವ ಸಂಸ್ಥೆಯ ಸುಪರ್ದಿ.

ಅಲ್ಲಿ ಸಿಕ್ಕ ಹಿರಿಯ ನೌಕರರೊಬ್ಬರಿಗೆ ಚರಿತ್ರೆಗಿಂತ ಕತ್ತಲಕೋಣೆಯೇ ಪ್ರೀತಿ. ಕಾಂತಕ್ಕೆ ಅಂಟಿಸಿದ ಪುಟ್ಟ ಕನ್ನಡಿಯಿಂದ ಮರಳಿದ ಬೆಳಕು, ಸುತ್ತುವ ಫೋಟೋ ಕಾಗದದ ಮೇಲೆ ದಿನವಿಡೀ ಗೆರೆ ಎಳೆಯುತ್ತಿತ್ತು. ದಿನಕ್ಕೊಂದು ಕಾಗದ ತೊಳೆದು ಒಣಗಿಸಬೇಕಿತ್ತು. ಆಮೇಲೆ ಗಾಜಿನ ಅಳತೆಪಟ್ಟಿ ಇಟ್ಟು, ಒಂದೊಂದು ಗಂಟೆಯ ಏರಿಳಿತದ ಸರಾಸರಿಯನ್ನು ಕಣ್ಣಂದಾಜಿನಲ್ಲೇ ಹಿಡಿಯಬೇಕಿತ್ತು. ‘ಕೈ ಪಳಗಲು ವರ್ಷಗಳೇ ಬೇಕು ಸಾಹೇಬರೇ. ಈಗಿನ ಹುಡುಗರಿಗೆ ಕಂಪ್ಯೂಟರೇ ಅಂಕಿ ಕೊಡುತ್ತದೆ,’ ಎಂದು ಗೊಣಗಿದರು. ಗಾಳಿಯಲ್ಲೇ ಪಟ್ಟಿ ಹಿಡಿದು ತೋರಿಸಿದರು ಕೂಡ.

ಆ ಅಂಕಿಗಳಿಗೆ ಈಗ ಬೇರೆಯದೇ ಬೆಲೆ ಬಂದಿದೆ. ಸೂರ್ಯನಿಂದ ಸದಾ ಹೊಮ್ಮುವ ವಿದ್ಯುತ್ ಕಣಗಳ ಹರಿವೇ ಸೌರಮಾರುತ; ಭೂಮಿಯ ಕಾಂತಕ್ಷೇತ್ರವನ್ನು ಅದು ಅಲುಗಿಸುತ್ತಿರುತ್ತದೆ. ಬಾಹ್ಯಾಕಾಶ ನೌಕೆಗಳು ಅದನ್ನು ಅಳೆಯತೊಡಗಿದ್ದು 1960ರ ಆಸುಪಾಸಿನಲ್ಲಿ. ಅದಕ್ಕೂ ಹಿಂದೆ ಅದು ಹೇಗಿತ್ತು ಎಂದು ತಿಳಿಯಲು ಜಗತ್ತಿನ ಇಂಥ ಹಳೆಯ ದಫ್ತರಗಳೇ ಗತಿ. ಒಂದು ಲೆಕ್ಕ ನಡುರಾತ್ರಿಯದು: ಬಿಸಿಲಿನಿಂದ ಮೇಲಿನ ವಾತಾವರಣದಲ್ಲಿ ಏಳುವ ವಿದ್ಯುತ್ ಪ್ರವಾಹ ಆಗ ತಗ್ಗಿರುತ್ತದೆ. ನಿನ್ನೆಯ ನಡುರಾತ್ರಿಗೂ ಇಂದಿನದಕ್ಕೂ ಇರುವ ವ್ಯತ್ಯಾಸಗಳ ಸರಾಸರಿಯು ಮಾರುತ ಹೊತ್ತುತರುವ ಕಾಂತಕ್ಷೇತ್ರದ ಬಲವನ್ನು ಹೇಳುತ್ತದೆ. ಇನ್ನೊಂದು, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯದ ದಾಖಲೆಗಳಿಂದ 1868ರಿಂದೀಚೆಗೆ ಕಟ್ಟಿದ ‘ಏಎ’ ಸೂಚ್ಯಂಕ. ಅದರಲ್ಲಿ ಬಲದ ಜೊತೆ ವೇಗವೂ ಬೆರೆತಿದೆ. ಮೊದಲನೆಯದು ಕೈಲಿದ್ದರೆ ಎರಡನೆಯದರಿಂದ ವೇಗವನ್ನು ಬಿಡಿಸಿಕೊಳ್ಳಬಹುದು.

1859ರ ಸೆಪ್ಟೆಂಬರ್ 2ರ ಮಹಾ ಸೌರಬಿರುಗಾಳಿಯಲ್ಲಿ ಇಂಗ್ಲೆಂಡಿನ ಯಂತ್ರಗಳ ಗೆರೆ ಕಾಗದವನ್ನೇ ದಾಟಿಹೋಯಿತು. ಕೊಲಾಬಾದಲ್ಲಿ ಆಗಿನ್ನೂ ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆಯುವ ಕಾಲ. ಏರುಪೇರು ಕಂಡಾಗ ಐದೈದು, ಹದಿನೈದು ನಿಮಿಷಕ್ಕೊಮ್ಮೆ ಓದಬೇಕಿತ್ತು. ಸಮತಲ ಬಲ ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದು ಹಾಗೆ ದಾಖಲಾಯಿತು. ಬ್ರೂಸ್ ತ್ಸುರುತಾನಿ ಮತ್ತು ಮುಂಬಯಿಯ ವಿಜ್ಞಾನಿಗಳು 2003ರಲ್ಲಿ ಆ ಬಿರುಗಾಳಿಯ ತೀವ್ರತೆಯನ್ನು ಅಂದಾಜಿಸಿದ್ದು ಇದೇ ಅಂಕಿಗಳಿಂದ. ಇದನ್ನು ಹೇಳುವ ಒಂದು ಫಲಕವನ್ನಾದರೂ ಕಡಲತೀರದಲ್ಲಿ ನಿಲ್ಲಿಸಬಾರದೇ?

ಹಿರಿಯರ ಚಿಂತೆ ಫಲಕದ್ದಲ್ಲ. ವಾರಾಂತ್ಯದ ಕಾರುಗಳು, ಏಳುತ್ತಿರುವ ಕಟ್ಟಡಗಳ ಕಬ್ಬಿಣ. ‘ಟ್ರಾಮಿಗೆ ಹೆದರಿ ಇಲ್ಲಿಗೆ ಬಂದದ್ದು. ಇಲ್ಲಿಂದಲೂ ಎಬ್ಬಿಸಿದರೆ ಮತ್ತೆ ಎರಡು ವರ್ಷ ಎರಡೂ ಕಡೆ ಅಳೆಯಬೇಕು. ಅಷ್ಟು ತಾಳ್ಮೆ ಈಗ ಯಾರಿಗಿದೆ, ನೀವೇ ಹೇಳಿ,’ ಎಂದರು.