‘ರಷ್ಯಾ ಚಳಿಗೆ ಎರಡು ಪೆಗ್ ಸಾಕು’: ಈ ಫಾರ್ವರ್ಡ್ ನಂಬಿ ಹೊರಟರೆ ಏನಾಗುತ್ತದೆ?

ಚಿತ್ರದುರ್ಗದಲ್ಲಿ ಡಿಸೆಂಬರ್ ರಾತ್ರಿ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ಮಂಕಿ ಕ್ಯಾಪ್, ಶಾಲು, ಕಂಬಳಿ ಎಲ್ಲವೂ ಹೊರಬರುತ್ತವೆ. ಅಂಥ ಊರಿನಿಂದ ಮಗನೋ ಮಗಳೋ ರಷ್ಯಾಕ್ಕೆ ಹೊರಟರೆ ಮನೆಯವರನ್ನು ಮೊದಲು ಕಾಡುವುದು ಚಳಿಯ ಭಯ. ಎಂಬಿಬಿಎಸ್ ಓದಲು ಕರ್ನಾಟಕದಿಂದ ರಷ್ಯಾಕ್ಕೆ ಹೋಗುವುದು ಹೊಸದಲ್ಲ. 2023ರ ಆಗಸ್ಟ್‌ನಿಂದ ಭಾರತೀಯರಿಗೆ ಇ-ವೀಸಾ ಸಿಗತೊಡಗಿದ ಮೇಲೆ, ಪ್ರವಾಸಕ್ಕೆ ಹೋಗಿ ಪರಿಚಯದ ರಷ್ಯನ್ನರ ಮನೆಯಲ್ಲಿ ನಾಲ್ಕು ದಿನ ಉಳಿದು ಬರುವುದೂ ಸುಲಭವಾಗಿದೆ.

ಟಿಕೆಟ್ ಬುಕ್ ಆದ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬಿದ್ದ ಕೂಡಲೇ ಸಲಹೆಗಳ ಮಳೆ ಶುರು. ಹಿರಿಯೂರಿನ ಮಾವ ಒಂದು ವಿಡಿಯೋ ಕಳಿಸುತ್ತಾರೆ, ಹೊಸದುರ್ಗದ ಚಿಕ್ಕಮ್ಮ ಇನ್ನೊಂದು ಮೆಸೇಜು, ಹೊಳಲ್ಕೆರೆಯ ಗೆಳೆಯ ಮತ್ತೊಂದು ರೀಲ್. ಎಲ್ಲರದ್ದೂ ಕಾಳಜಿಯೇ. ಆದರೆ ಆ ಸಲಹೆಗಳಲ್ಲಿ ಕೆಲವು ಸುಮ್ಮನೆ ತಪ್ಪು, ಕೆಲವು ಜೀವಕ್ಕೇ ಎರವಾಗುವಂಥವು. ಹೆಚ್ಚು ಓಡಾಡುವ ಕೆಲವನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಹೇಳಿಕೆ 1: ‘ವೋಡ್ಕಾ ಕುಡಿದರೆ ಮೈ ಬೆಚ್ಚಗಿರುತ್ತದೆ’
ನಿಜವೇನು: ಸುಳ್ಳು. ಅಪಾಯಕಾರಿ ಸುಳ್ಳು.

ಕುಡಿದ ತಕ್ಷಣ ಮೈ ಬೆಚ್ಚಗಾದಂತೆ ಅನಿಸುವುದು ನಿಜ. ಸಮಸ್ಯೆ ಇರುವುದೇ ಅಲ್ಲಿ. ಚಳಿಯಾದಾಗ ನಮ್ಮ ದೇಹ ಚರ್ಮದ ರಕ್ತನಾಳಗಳನ್ನು ಕಿರಿದು ಮಾಡಿಕೊಂಡು, ಬಿಸಿ ರಕ್ತವನ್ನು ಹೃದಯ, ಮೆದುಳು, ಶ್ವಾಸಕೋಶದ ಕಡೆ ಉಳಿಸಿಕೊಳ್ಳುತ್ತದೆ. ಮದ್ಯ ಈ ನಾಳಗಳನ್ನು ಮತ್ತೆ ಹಿಗ್ಗಿಸುತ್ತದೆ. ಒಳಗಿನ ಬಿಸಿ ಚರ್ಮಕ್ಕೆ ಬಂದು, ಅಲ್ಲಿಂದ ಗಾಳಿಗೆ ಹೋಗುತ್ತದೆ. ಚರ್ಮಕ್ಕೆ ಬಿಸಿ ಬಂದಿದ್ದರಿಂದ ಬೆಚ್ಚಗೆ ಅನಿಸುತ್ತದೆ, ಒಳಗಿನ ಉಷ್ಣಾಂಶ ಮಾತ್ರ ಇಳಿಯುತ್ತಿರುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟು ಒಲೆ ಉರಿಸಿದ ಹಾಗೆ.

ಇಷ್ಟಕ್ಕೇ ಮುಗಿಯುವುದಿಲ್ಲ. ನಡುಕ ಎನ್ನುವುದು ದೇಹ ತನ್ನನ್ನು ತಾನು ಬಿಸಿ ಮಾಡಿಕೊಳ್ಳುವ ಉಪಾಯ. ಮದ್ಯ ಅದನ್ನೂ ತಗ್ಗಿಸುತ್ತದೆ. ‘ಇನ್ನು ಹೊರಗಿರಬಾರದು’ ಎಂದು ಎಚ್ಚರಿಸುವ ಬುದ್ಧಿಯೂ ಮಂಕಾಗುತ್ತದೆ.

ನಮ್ಮ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಆಗ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ನಿದ್ದೆ ಎಳೆಯುತ್ತದೆ. ನೋಡಿದವರು ‘ಕುಡಿದಿದ್ದಾನೆ, ಮಲಗಲಿ ಬಿಡು’ ಅಂದುಕೊಳ್ಳಬಹುದು. ನಿಜವಾಗಿ ಕುಡಿದೂ ಇದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅಂಥವರನ್ನು ತಕ್ಷಣ ಒಳಗೆ ಕರೆತಂದು, ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಬೇಕು. ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು, ಮದ್ಯ ಕೊಡಬಾರದು. ರಷ್ಯಾದಲ್ಲಿ ಆಂಬುಲೆನ್ಸ್‌ಗೆ 103, ಯಾವುದೇ ತುರ್ತಿಗೆ 112.

ಹೇಳಿಕೆ 2: ‘ರಷ್ಯಾ ಅಂದರೆ ಎಲ್ಲೆಲ್ಲೂ ಮೈನಸ್ 50’
ನಿಜವೇನು: ತಪ್ಪು.

ಮಾಸ್ಕೋದಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 6-7 ಡಿಗ್ರಿ ಅಷ್ಟೇ. ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ಸುಮಾರು ಮೈನಸ್ 17. ರೀಲ್‌ಗಳಲ್ಲಿ ಕಾಣುವ ರೆಪ್ಪೆಗೂದಲು ಹೆಪ್ಪುಗಟ್ಟಿದ ದೃಶ್ಯಗಳಲ್ಲಿ ಹಲವು ಯಾಕುತ್ಸ್ಕ್ ಕಡೆಯವು. ಲೇನಾ ನದಿ ದಡದ ಈ ನಗರದಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅಲ್ಲಿ ಜನವರಿಯ ಸರಾಸರಿಯೇ ಮೈನಸ್ 35ಕ್ಕಿಂತ ಕೆಳಗೆ. ಹೀಗಾಗಿ ‘ರಷ್ಯಾಕ್ಕೆ ಹೋಗ್ತೀಯಾ?’ ಎಂದು ಕೇಳಿದರೆ ಸಾಲದು, ಯಾವ ಊರು, ಯಾವ ತಿಂಗಳು ಎಂದೂ ಕೇಳಬೇಕು.

ಇನ್ನೊಂದು ಲೆಕ್ಕ ಗಾಳಿಯದು. ಜೋಗಿಮಟ್ಟಿ ಬೆಟ್ಟದ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಮೈ ಸುತ್ತಲಿನ ಬೆಚ್ಚಗಿನ ಪದರವನ್ನೂ ಹೊತ್ತೊಯ್ಯುತ್ತದೆ. ಉಷ್ಣಾಂಶ ಮೈನಸ್ 10 ಇದ್ದು, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 20ರಂತೆ ಅನಿಸುತ್ತದೆ. ಹವಾಮಾನ ಆ್ಯಪ್‌ನಲ್ಲಿ ‘ಫೀಲ್ಸ್ ಲೈಕ್’ ಎಂದು ತೋರಿಸುವುದು ಇದನ್ನೇ. ಹೊರಡುವ ಮುನ್ನ ಆ ಸಂಖ್ಯೆಯನ್ನೂ ನೋಡಿ.

ಹೇಳಿಕೆ 3: ‘ಮನೆಯೊಳಗೂ ನಡುಗಬೇಕು, ರಗ್ಗು ಹೊತ್ತುಕೊಂಡು ಹೋಗಿ’
ನಿಜವೇನು: ತಪ್ಪು. ಹೊತ್ತುಕೊಂಡು ಹೋದರೆ ಲಗೇಜ್ ಚಾರ್ಜು ದಂಡ.

ರಷ್ಯಾದ ನಗರಗಳಲ್ಲಿ ಬಹುತೇಕ ಅಪಾರ್ಟ್‌ಮೆಂಟ್‌ಗಳಿಗೆ ಊರಿನ ಸ್ಥಾವರದಿಂದಲೇ ಪೈಪಿನಲ್ಲಿ ಬಿಸಿನೀರು ಬರುತ್ತದೆ. ಅದು ಪ್ರತಿ ಕೋಣೆಯ ರೇಡಿಯೇಟರ್ ಮೂಲಕ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ದಿನದ ಸರಾಸರಿ ಉಷ್ಣಾಂಶ ಸತತ 5 ದಿನ 8 ಡಿಗ್ರಿಗಿಂತ ಕೆಳಗಿದ್ದರೆ ಈ ವ್ಯವಸ್ಥೆ ಶುರು ಮಾಡುವುದು ಅಲ್ಲಿನ ಪದ್ಧತಿ. ಹೊರಗೆ ಮೈನಸ್ 20 ಇದ್ದರೂ ಒಳಗೆ 20 ಡಿಗ್ರಿ ದಾಟಿರುತ್ತದೆ. ಜನ ಟೀ-ಶರ್ಟಿನಲ್ಲಿ ಓಡಾಡುತ್ತಾರೆ. ಸೆಕೆಯಾದರೆ ತೆರೆಯಲೆಂದು ದೊಡ್ಡ ಕಿಟಕಿಯೊಳಗೇ ‘ಫೋರ್ತಚ್ಕಾ’ ಎಂಬ ಪುಟ್ಟ ಕಿಟಕಿ ಹಳೆಯ ಮನೆಗಳಲ್ಲಿ ಇರುತ್ತದೆ.

ಯಾಕುತ್ಸ್ಕ್‌ನಲ್ಲಿ ಇನ್ನೂ ಒಂದು ವಿಶೇಷ. ಅಲ್ಲಿನ ನೆಲ ಅಡಿಯಲ್ಲಿ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ. ಮನೆಯ ಬಿಸಿ ತಗುಲಿ ಅದು ಕರಗಿದರೆ ಕಟ್ಟಡವೇ ಕುಸಿಯಬಹುದು. ಅದಕ್ಕೇ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತರಿಸಿ, ಕೆಳಗೆ ಗಾಳಿಯಾಡಲು ಬಿಡುತ್ತಾರೆ.

ಒಳಗಿನ ನಿಜವಾದ ತೊಂದರೆ ಚಳಿಯಲ್ಲ, ಒಣಹವೆ. ತಣ್ಣನೆಯ ಗಾಳಿಯಲ್ಲಿ ತೇವ ತೀರ ಕಡಿಮೆ. ಅದು ಒಳಗೆ ಬಂದು ಬಿಸಿಯಾದಾಗ ತುಟಿ, ಚರ್ಮ, ಮೂಗು ಒಣಗುತ್ತವೆ. ನೀರು ಚೆನ್ನಾಗಿ ಕುಡಿಯಿರಿ, ವ್ಯಾಸಲೀನ್ ಇಟ್ಟುಕೊಳ್ಳಿ. ಒದ್ದೆ ಟವೆಲ್ ಒಂದನ್ನು ಕೋಣೆಯಲ್ಲಿ ಒಣಗಲು ಹರವಿದರೂ ಸ್ವಲ್ಪ ಆರಾಮ.

ಹೇಳಿಕೆ 4: ‘ಅರ್ಧ ಬಿಸಿ ತಲೆಯಿಂದಲೇ ಹೋಗುತ್ತೆ, ಟೋಪಿ ಇದ್ದರೆ ಸಾಕು’
ನಿಜವೇನು: ಅರ್ಧ ಸತ್ಯ.

ಅಮೆರಿಕ ಸೇನೆಯ ಹಳೆಯ ಕೈಪಿಡಿಯೊಂದರಿಂದ ಈ ಮಾತು ಜಗತ್ತಿಗೆಲ್ಲ ಹರಡಿತು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಮಿಥ್ಯೆಗಳ ಪಟ್ಟಿಗೆ ಸೇರಿಸಲಾಯಿತು. ದೊಡ್ಡವರಲ್ಲಿ ತಲೆಯಿಂದ ಹೋಗುವ ಬಿಸಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ಹಾಗೆಂದು ಟೋಪಿ ಬಿಡಬೇಡಿ. ಕಿವಿ, ಮೂಗು ಬಹಳ ಬೇಗ ಮರಗಟ್ಟುತ್ತವೆ. ಆದರೆ ಟೋಪಿಯೊಂದೇ ಕಾಪಾಡುವುದಿಲ್ಲ, ಪದರಗಳು ಕಾಪಾಡುತ್ತವೆ.

ನಮ್ಮ ಚಳ್ಳಕೆರೆಯ ಕಂಬಳಿಯನ್ನು ನೆನೆಯಿರಿ. ಅದು ತಾನಾಗಿ ಬಿಸಿ ಕೊಡುವುದಿಲ್ಲ. ಉಣ್ಣೆಯ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ನಮ್ಮ ಮೈಯ ಬಿಸಿ ನಮ್ಮಲ್ಲೇ ಉಳಿಯುವಂತೆ ಮಾಡುತ್ತದೆ. ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಹತ್ತಿ ಹಾಗಲ್ಲ. ಬೆವರು ಹೀರಿ ಮೈಗಂಟಿ ತಣ್ಣಗಾಗುತ್ತದೆ. ಆದ್ದರಿಂದ ಒಳಗೆ ಥರ್ಮಲ್, ಮಧ್ಯೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಬರಿಯ ಜೀನ್ಸ್ ಬೇಡ. ಬಿಗಿಯಾದ ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಸಂಚಾರ ಕಡಿಮೆಯಾಗಿ ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಶೂವನ್ನೇ ಸ್ವಲ್ಪ ದೊಡ್ಡದು ಕೊಳ್ಳಿ. ಭಾರೀ ಕೋಟು, ಬೂಟುಗಳನ್ನು ಅಲ್ಲೇ ಕೊಳ್ಳುವುದು ಜಾಣತನ. ಆ ಊರಿನ ಚಳಿಗೆ ಯಾವುದು ಬೇಕೆಂದು ಅಲ್ಲಿನ ಅಂಗಡಿಯವರಿಗೆ ಗೊತ್ತಿರುತ್ತದೆ.

ಹೇಳಿಕೆ 5: ‘ಬೆರಳು ಮರಗಟ್ಟಿದರೆ ಹಿಮದಿಂದ ಉಜ್ಜಿ’
ನಿಜವೇನು: ಸುಳ್ಳು. ಬೆರಳು ಕಳೆದುಕೊಳ್ಳಬೇಕಾದೀತು.

ಇದಕ್ಕೆ 200 ವರ್ಷದ ಇತಿಹಾಸವಿದೆ. 1812ರಲ್ಲಿ ನೆಪೋಲಿಯನ್ ಸೇನೆ ರಷ್ಯಾದಿಂದ ಹಿಮ್ಮೆಟ್ಟುವಾಗ ಸೈನಿಕರು ಮರಗಟ್ಟಿದ ಕೈಕಾಲುಗಳನ್ನು ಬೆಂಕಿಗೆ ಒಡ್ಡಿ ಸುಟ್ಟುಕೊಳ್ಳುತ್ತಿದ್ದರು. ಅದನ್ನು ಕಂಡ ಸೇನಾ ಶಸ್ತ್ರವೈದ್ಯ ಲಾರೆ, ಬೆಂಕಿ ಬೇಡ, ಹಿಮದಿಂದ ಉಜ್ಜಿ ಎಂದು ಸಲಹೆ ಕೊಟ್ಟರು. ಬೆಂಕಿ ಬೇಡ ಎಂದಿದ್ದು ಸರಿ. ಹಿಮದಿಂದ ಉಜ್ಜುವುದು ತಪ್ಪು ಎಂದು ವೈದ್ಯಕೀಯ ಲೋಕ ಒಪ್ಪಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಹೆಪ್ಪುಗಟ್ಟಿದ ಅಂಗಾಂಶದೊಳಗೆ ಮಂಜಿನ ಹರಳುಗಳಿರುತ್ತವೆ. ಉಜ್ಜಿದರೆ ಗಾಯ ಇನ್ನಷ್ಟು ಆಳವಾಗುತ್ತದೆ.

ಚರ್ಮ ಬಿಳಿಚಿಕೊಂಡು, ಮೇಣದಂತಾಗಿ, ಸ್ಪರ್ಶ ತಿಳಿಯದಂತಾದರೆ ಅದು ಫ್ರಾಸ್ಟ್‌ಬೈಟ್ ಇರಬಹುದು. ಒಳಗೆ ಬನ್ನಿ, ಉಂಗುರ ತೆಗೆಯಿರಿ, 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಆ ಭಾಗವನ್ನು ಮುಳುಗಿಸಿ. ಮರಗಟ್ಟಿದ ಕೈಗೆ ಬಿಸಿ ಗೊತ್ತಾಗುವುದಿಲ್ಲ. ಹಸುಗೂಸಿಗೆ ನೀರು ಹಾಕುವ ಮುನ್ನ ನಮ್ಮ ಅಜ್ಜಿಯರು ಮೊಣಕೈ ಅದ್ದಿ ನೋಡುವಂತೆ, ಇನ್ನೊಬ್ಬರಿಂದ ನೀರು ಪರೀಕ್ಷಿಸಿ. ಮತ್ತೆ ಚಳಿಗೆ ಹೋಗಲೇಬೇಕಾದ ಪರಿಸ್ಥಿತಿಯಿದ್ದರೆ ಕರಗಿಸಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ದೊಡ್ಡದು. ವೈದ್ಯರ ಬಳಿ ಹೋಗುವುದನ್ನು ತಪ್ಪಿಸಬೇಡಿ.

ಹೇಳಿಕೆ 6: ‘ಕುದಿಯುವ ನೀರು ಎರಚಿದರೆ ಹಿಮವಾಗುತ್ತೆ’
ನಿಜವೇನು: ನಿಜ, ಆದರೆ ಮಾಡಬೇಡಿ.

ಮೈನಸ್ 30ರ ಆಸುಪಾಸಿನಲ್ಲಿ ಕುದಿಯುವ ನೀರು ಸಣ್ಣ ಹನಿಗಳಾಗಿ ಒಡೆದು, ಬೇಗ ಆವಿಯಾಗಿ, ಹರಳುಗಟ್ಟಿ ಮೋಡದಂತೆ ಕಾಣುತ್ತದೆ. ಎಲ್ಲ ಹನಿಗಳೂ ಹಾಗಾಗುವುದಿಲ್ಲ. ಉಳಿದದ್ದು ಎರಚಿದವರ ಮೇಲೇ ಬೀಳುತ್ತದೆ. ಈ ರೀಲ್ ಮಾಡಲು ಹೋಗಿ ಸುಟ್ಟುಕೊಂಡವರಿದ್ದಾರೆ.

ಅವರ ಮನೆಯಲ್ಲಿ ಉಳಿಯುವಾಗ

ಚಳಿಯ ವಿಷಯದಲ್ಲಿ ನಿಮ್ಮ ಅತ್ಯುತ್ತಮ ಗುರು ನಿಮ್ಮನ್ನು ಉಳಿಸಿಕೊಂಡ ಮನೆಯವರೇ. ‘ಟೋಪಿ ಎಲ್ಲಿ?’ ಎಂದು ಆ ಮನೆಯ ಅಜ್ಜಿ ಗದರಿದರೆ ಬೇಸರ ಬೇಡ. ಅದು ಅಲ್ಲಿನ ಅಕ್ಕರೆ.

ಹಲವು ಪದ್ಧತಿಗಳು ನಮಗೆ ಪರಿಚಿತವೇ. ಚಪ್ಪಲಿ, ಶೂ ಬಾಗಿಲಲ್ಲೇ ಬಿಡಬೇಕು. ಒಳಗೆ ಹಾಕಿಕೊಳ್ಳಲು ‘ತಾಪಚ್ಕಿ’ ಎಂಬ ಮನೆಚಪ್ಪಲಿ ಕೊಡುತ್ತಾರೆ. ಹೊಸ್ತಿಲಿನ ಆಚೆಈಚೆ ನಿಂತು ಕೈಕುಲುಕಬಾರದು ಎಂಬ ನಂಬಿಕೆ ಅಲ್ಲೂ ಇದೆ. ಹೂ ಒಯ್ದರೆ ಬೆಸ ಸಂಖ್ಯೆಯಲ್ಲಿ ಒಯ್ಯಿರಿ, ಸಮ ಸಂಖ್ಯೆಯ ಹೂ ಸಾವಿನ ಮನೆಗೆ. ‘ಚಾಯ್’ ಅಂದರೆ ಅಲ್ಲೂ ಚಹಾವೇ.

ಊಟದ ವಿಷಯ ಮೊದಲೇ ಹೇಳಿಬಿಡಿ. ಬೀಟ್‌ರೂಟ್ ಸೂಪ್ ‘ಬೋರ್ಷ್’ ನೋಡಲು ತರಕಾರಿ ಸಾರಿನಂತಿದ್ದರೂ ಸಾಮಾನ್ಯವಾಗಿ ದನದ ಮಾಂಸದ ರಸದಲ್ಲಿ ಮಾಡಿರುತ್ತಾರೆ. ಸಸ್ಯಾಹಾರಿಗಳಿಗೆ ನೆರವಾಗುವ ಪದ ‘ಪೋಸ್ತ್ನಯೆ’, ಅಂದರೆ ಕ್ರೈಸ್ತರ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ವೋಡ್ಕಾ ಮುಂದಿಟ್ಟರೆ ‘ಡಾಕ್ಟರ್ ಬೇಡ ಅಂದಿದ್ದಾರೆ’ ಎಂದು ಚಹಾದ ಲೋಟವನ್ನೇ ಎತ್ತಿ ಜೊತೆಗೂಡಬಹುದು.

ಫೋನು, ದುಡ್ಡು, ಕಾಗದ

ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುತ್ತದೆ. ಚಾರ್ಜ್ ಇದ್ದಂತೆ ತೋರಿದರೂ ಫೋನ್ ತಟ್ಟನೆ ಆಫ್ ಆಗಬಹುದು. ಮ್ಯಾಪ್ ನಂಬಿ ನಡೆಯುತ್ತಿರುವಾಗ ಹೀಗಾದರೆ ಕಷ್ಟ. ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ, ಉಳಿದ ಮನೆಯ ವಿಳಾಸವನ್ನು ರಷ್ಯನ್ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಇರಲಿ. 2022ರ ಮಾರ್ಚ್‌ನಿಂದ ಹೊರದೇಶದಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್‌ಗಳು ರಷ್ಯಾದಲ್ಲಿ ನಡೆಯುವುದಿಲ್ಲ. ನಗದು ಒಯ್ಯಬೇಕು.

ಖಾಸಗಿ ಮನೆಯಲ್ಲಿ ಉಳಿದರೆ, ಸಾಮಾನ್ಯವಾಗಿ 7 ಕೆಲಸದ ದಿನಗಳೊಳಗೆ ಮನೆಯವರು ನಿಮ್ಮ ಹೆಸರನ್ನು ವಲಸೆ ಇಲಾಖೆಗೆ ತಿಳಿಸಿ ನೋಂದಣಿ ಮಾಡಿಸಬೇಕು. ಇದನ್ನು ನೆನಪಿಸಲು ಸಂಕೋಚ ಬೇಡ.

ಕೊನೆಯದಾಗಿ, ‘ಊಟ, ವಸತಿ ಫ್ರೀ, ಸೆಕ್ಯುರಿಟಿ ಕೆಲಸ’ ಎಂಬ ಫಾರ್ವರ್ಡ್. ಕಲಬುರಗಿ ಜಿಲ್ಲೆಯ ಕೆಲವು ಯುವಕರು ಇಂಥ ಕೆಲಸದ ಮಾತು ನಂಬಿ ರಷ್ಯಾಕ್ಕೆ ಹೋಗಿ, ಉಕ್ರೇನ್ ಯುದ್ಧಕ್ಕೆ ತಳ್ಳಲ್ಪಟ್ಟ ಸುದ್ದಿ 2024ರಲ್ಲಿ ಹೊರಬಂತು. ಅವರು ಊರಿಗೆ ಮರಳಲು ತಿಂಗಳುಗಳೇ ಹಿಡಿದವು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

ಫ್ಯಾಮಿಲಿ ಗ್ರೂಪಿಗೆ ಕಳಿಸಲೇಬೇಕೆಂದರೆ ಇಷ್ಟನ್ನು ಕಳಿಸಿ: ಚಳಿಗೆ ಹೊರಡುವ ಮುನ್ನ ಮದ್ಯ ಬೇಡ. ಬಟ್ಟೆ ಪದರಪದರವಾಗಿರಲಿ, ಒದ್ದೆಯಾದರೆ ಬದಲಿಸಿ. ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಉಗುರುಬೆಚ್ಚಗಿನ ನೀರಿಗಿಡಿ. ಸಂಶಯ ಬಂದರೆ ಫೋನಿನಲ್ಲಿ ಹುಡುಕುವ ಮುನ್ನ ಮನೆಯವರನ್ನು ಕೇಳಿ.