ಪೆಟ್ರೋಲ್ ಆವಿ: ಕಣ್ಣಿಗೆ ಕಾಣದ ಮಾಲಿನ್ಯ

ವಾಹನಗಳಿಂದಾಗುವ ವಾಯುಮಾಲಿನ್ಯಕ್ಕೆ ಹೊಗೆಯೊಂದೇ ಕಾರಣವಲ್ಲ. ನಿಲ್ಲಿಸಿದ ಕಾರಿನಿಂದಲೂ ಪೆಟ್ರೋಲ್ ಆವಿಯಾಗಿ ಗಾಳಿಗೆ ಸೇರಬಹುದು. ಮೇ ತಿಂಗಳಿನಲ್ಲಿ ಉಷ್ಣಾಂಶವು 45 ಡಿಗ್ರಿ ಸೆಲ್ಸಿಯಸ್ ಮೀರುವುದುಂಟಾದ ನಾಗಪುರದಂತಹ ನಗರಗಳಲ್ಲಿ ಈ ಸಾಧ್ಯತೆ ಅಧಿಕ. ಈ ಆವಿಯಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ.

ಆವಿಯನ್ನು ತಡೆಯಲು ಕಾರಿನಲ್ಲಿ ಇದ್ದಿಲು ತುಂಬಿದ ಡಬ್ಬಿಯೊಂದಿರುತ್ತದೆ. ಟ್ಯಾಂಕಿನಿಂದ ಬರುವ ಆವಿಯನ್ನು ಇದ್ದಿಲು ಹಿಡಿದಿಡುತ್ತದೆ. ಎಂಜಿನ್ ಚಾಲನೆಯಲ್ಲಿರುವಾಗ ಕವಾಟವು ತೆರೆದು, ಆವಿಯು ಎಂಜಿನ್ನಿಗೆ ಸಾಗಿ ಉರಿದುಹೋಗುತ್ತದೆ.

ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರಿದರೆ, ಕೊಳವೆ ಸೀಳಿದರೆ ಅಥವಾ ಕವಾಟ ಕೆಟ್ಟರೆ ಸೋರಿಕೆ ಉಂಟಾಗುತ್ತದೆ. ಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಹೊಗೆಕೊಳವೆಯ ಅನಿಲವನ್ನಷ್ಟೇ ಅಳೆಯುವುದರಿಂದ, ಪ್ರಮಾಣಪತ್ರ ದೊರೆತ ಕಾರಿನಲ್ಲಿಯೂ ಈ ದೋಷ ಉಳಿದಿರಬಹುದು. ಪೆಟ್ರೋಲ್ ವಾಸನೆ, ಕೆಲವು ಕಾರುಗಳಲ್ಲಿ ಎಂಜಿನ್ ಎಚ್ಚರಿಕೆ ದೀಪ, ಇದರ ಸೂಚನೆಗಳು.

ಮಾಲೀಕರು ಗಮನಿಸಬೇಕಾದ ಅಂಶಗಳು:

• ಮುಚ್ಚಳವನ್ನು ಬಿಗಿಯಾಗಿ ಹಾಕಿ. ರಬ್ಬರ್ ಹಾಳಾಗಿದ್ದರೆ ಬದಲಾಯಿಸಿ.

• ಪಂಪು ತಾನಾಗಿ ನಿಂತ ಮೇಲೆ ಮತ್ತೆ ತುಂಬಿಸಬೇಡಿ. ದ್ರವ ಪೆಟ್ರೋಲ್ ನುಗ್ಗಿದರೆ ಇದ್ದಿಲು ಡಬ್ಬಿ ಕೆಡುತ್ತದೆ.

• ದೋಷ ಮುಂದುವರಿದರೆ ಕಾರ್ಯಾಗಾರದಲ್ಲಿ ಹೊಗೆ ಪರೀಕ್ಷೆ ಮಾಡಿಸಿ. ಕೊಳವೆಗಳೊಳಗೆ ಕಡಿಮೆ ಒತ್ತಡದಲ್ಲಿ ಹೊಗೆ ಹಾಯಿಸಿದಾಗ, ಅದು ಹೊರಬರುವ ಜಾಗವೇ ಸೋರಿಕೆಯ ಜಾಗ.

• ವಾಸನೆ ಬರುತ್ತಿರುವ ಕಾರಿನ ಬಳಿ ಬೆಂಕಿಕಡ್ಡಿ ಗೀರಬೇಡಿ.

ಸಣ್ಣದೊಂದು ಮುಚ್ಚಳದತ್ತ ವಹಿಸುವ ಎಚ್ಚರದಿಂದ ಇಂಧನವೂ ಉಳಿಯುತ್ತದೆ, ಗಾಳಿಯೂ ಶುದ್ಧವಾಗಿರುತ್ತದೆ.