ಬೆಕ್ಕಿನ ಚಿಗಟ: ಮದ್ದು ಬೆಕ್ಕಿಗಷ್ಟೇ ಸಾಲದು, ಮನೆಗೂ ಬೇಕು

“ಮಗುವಿನ ರಕ್ತ ಕೆಟ್ಟಿದೆ, ಒಂದು ಮುಸಫ್ಫಿ ಕೊಡಿ” ಎಂದು ರಕ್ತಶುದ್ಧಿಯ ಔಷಧಿ ಕೇಳಿಕೊಂಡು ತಾಯಂದಿರು ಚಿಕಿತ್ಸಾಲಯಕ್ಕೆ ಬರುವುದುಂಟು. ನೋಡಿದರೆ ಪಾದ ಮತ್ತು ಕಣಕಾಲಿನ ಮೇಲೆ ಎರಡು ಮೂರು ಒಟ್ಟೊಟ್ಟಿಗೆ ಎದ್ದ ಸಣ್ಣ ಕೆಂಪು ಗುಳ್ಳೆಗಳು. ಆಗ ನಾನು ಮೊದಲು ಕೇಳುವ ಪ್ರಶ್ನೆ, “ಮನೆಯಲ್ಲಿ ಬೆಕ್ಕು ಇದೆಯೇ?” ಇದ್ದರೆ, ತೊಂದರೆ ರಕ್ತದಲ್ಲಿ ಅಲ್ಲ, ಮನೆಯ ನೆಲದಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಯೂನಾನಿ ಚಿಕಿತ್ಸೆಯಲ್ಲಿ ಇಝಾಲ-ಎ-ಸಬಬ್, ಅಂದರೆ ಕಾರಣವನ್ನು ತೊಲಗಿಸುವುದು ಮೊದಲ ಹೆಜ್ಜೆ. ಇಲ್ಲಿ ಕಾರಣ ಚಿಗಟ.

ಕೆಲವರು ಬೆಕ್ಕನ್ನೇ ಗೋಣಿಯಲ್ಲಿ ಹಾಕಿ ದೂರ ಬಿಟ್ಟು ಬರುತ್ತಾರೆ. ಆ ಮೂಕಪ್ರಾಣಿಗೆ ಅನ್ಯಾಯವಾಗುವುದಲ್ಲದೆ ಮನೆಯವರಿಗೂ ಲಾಭವಿಲ್ಲ. ಬೆಕ್ಕು ಹೋದ ಮೇಲೆ ಹಸಿದ ಚಿಗಟಗಳು ಮನುಷ್ಯರನ್ನೇ ಹೆಚ್ಚು ಕಚ್ಚುತ್ತವೆ.

ಚಿಗಟ ಬೆಳೆಯುವುದು ಎಲ್ಲಿ?

ಬೆಕ್ಕಿನ ಮೈಮೇಲೆ ನಮಗೆ ಕಾಣುವುದು ದೊಡ್ಡ ಚಿಗಟಗಳು ಮಾತ್ರ. ಹೆಣ್ಣು ಚಿಗಟ ದಿನಕ್ಕೆ 40ರಷ್ಟು ಮೊಟ್ಟೆ ಇಡಬಲ್ಲದು. ಮೊಟ್ಟೆಗಳು ಬೆಕ್ಕಿನ ಕೂದಲಿನಿಂದ ಜಾರಿ ಅದು ಮಲಗುವ ಕಡೆಯೆಲ್ಲ ಉದುರುತ್ತವೆ. ಹೊರಬಂದ ಮರಿಹುಳುಗಳು ಬೆಳಕಿಗೆ ಹೆದರಿ ಮಂಚದಡಿ, ಸೋಫಾದ ಸಂದು, ಕಾರ್ಪೆಟ್‌ನ ಬುಡಕ್ಕೆ ಸೇರುತ್ತವೆ. ನಂತರ ರೇಷ್ಮೆ ಹುಳುವಿನಂತೆ ಗೂಡು ಕಟ್ಟಿಕೊಳ್ಳುತ್ತವೆ. ಆ ಗೂಡಿನೊಳಗೆ ಕೀಟನಾಶಕವೂ ಸರಿಯಾಗಿ ತಲುಪುವುದಿಲ್ಲ. ಕೆಲವು ಚಿಗಟಗಳು ಅಲ್ಲಿ ತಿಂಗಳುಗಟ್ಟಲೆ ಕಾಯುತ್ತವೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ಗೊತ್ತಾದೊಡನೆ ಹೊರಗೆ ಜಿಗಿಯುತ್ತವೆ. ರಜೆ ಮುಗಿಸಿ ಬಂದು ಬೀಗ ತೆಗೆದ ದಿನವೇ ಕಾಲಿಗೆ ಮುತ್ತಿಕೊಳ್ಳುವುದು ಇದರಿಂದಲೇ.

ಚಿಗಟವೇ ಎಂದು ತಿಳಿಯುವುದು ಹೇಗೆ?

ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಕ್ಕಿನ ಕುತ್ತಿಗೆ, ಬೆನ್ನು ಮತ್ತು ಬಾಲದ ಬುಡವನ್ನು ಬಾಚಿ. ಉದುರಿದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಅದು ಕುಡಿದ ರಕ್ತ.

ಮನೆ ಮತ್ತು ಬೆಕ್ಕಿಗೆ ಒಂದೇ ದಿನ

• ಬೆಕ್ಕು ಮಲಗುವ ಬಟ್ಟೆ, ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಒಗೆಯಬಹುದಾದ ನಮಾಝಿನ ಚಾಪೆಗಳನ್ನು ಬಿಸಿನೀರಿನಲ್ಲಿ (60 ಡಿಗ್ರಿ) ಒಗೆದು ಚೆನ್ನಾಗಿ ಒಣಗಿಸಿ. ವಾರಕ್ಕೊಮ್ಮೆ ಹೀಗೆ ಮಾಡಿ.
• ಮಂಚ, ಕಪಾಟು, ಸೋಫಾ ಸರಿಸಿ ಮೂಲೆ ಮೂಲೆ ಗುಡಿಸಿ ಒರೆಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಕಸವನ್ನು ಚೀಲದಲ್ಲಿ ಕಟ್ಟಿ ಕೂಡಲೇ ಹೊರಗೆ ಹಾಕಿ.
• ಬೆಕ್ಕನ್ನು ದಿನವೂ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿ.
• ಪಶುವೈದ್ಯರಲ್ಲಿ ಬೆಕ್ಕಿನ ತೂಕ ಹೇಳಿ, ಕುತ್ತಿಗೆಯ ಹಿಂಭಾಗಕ್ಕೆ ಹಾಕುವ ಹನಿ ಔಷಧಿ ಪಡೆಯಿರಿ. ಮನೆಯಲ್ಲಿ ಎಷ್ಟು ಬೆಕ್ಕುಗಳಿವೆಯೋ ಅಷ್ಟಕ್ಕೂ ಹಾಕಬೇಕು. ತೀರಾ ಎಳೆಯ ಮರಿಗಳಿಗೆ ವೈದ್ಯರನ್ನು ಕೇಳದೆ ಏನೂ ಹಾಕಬೇಡಿ.

ಔಷಧಿ ಹಾಕಿದ ನಂತರವೂ ಕೆಲವು ವಾರ ಚಿಗಟ ಕಾಣಬಹುದು. ಅವು ಹಳೆಯ ಗೂಡುಗಳಿಂದ ಹೊರಬಂದವು. ಮದ್ದು ಫಲಿಸಲಿಲ್ಲವೆಂದು ಕೈಬಿಡದೆ ಕನಿಷ್ಠ ಮೂರು ತಿಂಗಳು ಮುಂದುವರಿಸಿ.

ಇವನ್ನು ಮಾಡಲೇಬೇಡಿ

ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಕೆಲವು ನಾಯಿ ಔಷಧಿಗಳಲ್ಲಿರುವ ಪರ್ಮೆಥ್ರಿನ್‌ನಿಂದ ಬೆಕ್ಕಿಗೆ ನಡುಕ, ಸೆಳೆತ ಬಂದು ಸಾಯಲೂಬಹುದು. ಸೀಮೆಎಣ್ಣೆ, ಕರ್ಪೂರ, ನೀಲಗಿರಿ ಎಣ್ಣೆ ಕೂಡ ಬೇಡ. ಗಿಡಮೂಲಿಕೆಗಳಿಂದಲೇ ಚಿಕಿತ್ಸೆ ಮಾಡುವ ನಾನೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮನುಷ್ಯರಿಗೆ ಹೊಂದುವ ಎಣ್ಣೆಯೆಲ್ಲ ಬೆಕ್ಕಿಗೆ ಹೊಂದುವುದಿಲ್ಲ. ಬೆಕ್ಕು ಮೈ ನೆಕ್ಕುವುದರಿಂದ ಮೈಗೆ ಹಚ್ಚಿದ್ದು ಹೊಟ್ಟೆಗೂ ಸೇರುತ್ತದೆ.

ಮಕ್ಕಳ ಬಗ್ಗೆ ಎಚ್ಚರ

ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ತುರಿಕೆಗೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಕೆರೆದು ಗಾಯವಾಗದಂತೆ ಮಕ್ಕಳ ಉಗುರು ಕತ್ತರಿಸಿ. ಆಟವಾಡುವಾಗ ಮಗು ಚಿಗಟವನ್ನು ನುಂಗಿದರೆ ಅದರ ಮೂಲಕ ಲಾಡಿಹುಳು ಹೊಟ್ಟೆ ಸೇರಬಹುದು. ಆದ್ದರಿಂದ ಬೆಕ್ಕನ್ನು ಮುಟ್ಟಿದ ಮೇಲೆ ಕೈ ತೊಳೆಸಿ. ಮಲದಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರು ಕಂಡರೆ, ಗುಳ್ಳೆಯಲ್ಲಿ ಕೀವಾದರೆ ಅಥವಾ ಜ್ವರ, ತಲೆನೋವು ಬಂದರೆ ವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಚಿಗಟ ಇರುವುದನ್ನು ಅವರಿಗೆ ಮರೆಯದೆ ಹೇಳಿ. ಬೆಕ್ಕಿನ ಮರಿ ಮಂಕಾಗಿ ಒಸಡು ಬಿಳಿಚಿದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಚಿಗಟಗಳು ರಕ್ತ ಹೀರಿ ಎಳೆಯ ಮರಿಯ ಪ್ರಾಣಕ್ಕೇ ಕುತ್ತು ತರಬಲ್ಲವು.